ಕನ್ಸಲ್ಟೆಂಟ್ ಟೆಂಡರ್ ಎಳೆದಾಡದೆ ಮುಗಿಸುವುದು ಹೇಗೆ?

ಒಂದು ಪಟ್ಟಣದ ಒಳಚರಂಡಿಗೆ ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ, ಮಾಡಿಸಬೇಕಿತ್ತು. ಡಿಪಿಆರ್ ಬರೆಯಲು ನಾಲ್ಕು ತಿಂಗಳು ಸಾಕು. ಬರೆಯುವವರನ್ನು ಗೊತ್ತುಮಾಡಲು ನಮಗೆ ಹಿಡಿದದ್ದು ಹನ್ನೊಂದು ತಿಂಗಳು! ಎರಡು ಸಲ ಟೆಂಡರ್ ರದ್ದಾಗಿ ಮೂರನೇ ಸಲಕ್ಕೆ ಮುಗಿಯಿತು. ಕೇಳಿದವರಿಗೆಲ್ಲ ನಾವು ಹೇಳಿದ್ದು ಒಂದೇ ಮಾತು, "ಕೆಟಿಪಿಪಿ ಕಾಯ್ದೆ ಸಾರ್, ಏನ್ ಮಾಡೋಕಾಗುತ್ತೆ". ಆಮೇಲೆ ಸುಮ್ನೆ ಕುತೂಹಲಕ್ಕೆ ಕಡತ ತಿರುವಿ ತಾರೀಖು ಲೆಕ್ಕ ಹಾಕಿದೆ. ಸರ್ಕಾರಿ ಖರೀದಿಗೆ ಟೆಂಡರ್ ನಿಯಮ ಹಾಕುವ 1999ರ ಆ ಪಾಪದ ಕರ್ನಾಟಕ ಕಾಯ್ದೆ ತಿಂದ ದಿನಗಳು ಕಡಿಮೆ, ನಮ್ಮ ಮೇಜು ತಿಂದದ್ದೇ ಜಾಸ್ತಿ.

ಹಾಗಾಗಿ ಟೆಂಡರ್ ಕರೆಯುವ ಮೊದಲಿನ ಕೆಲಸದಿಂದಲೇ ಶುರು ಮಾಡೋಣ. ಮೊದಲು ಟಿಓಆರ್, ಅಂದರೆ ಕನ್ಸಲ್ಟೆಂಟ್ ಏನು ಮಾಡಿಕೊಡಬೇಕು ಅನ್ನುವ ಬರಹ. ಹಳೇ ಕಡತದಿಂದ ಕಾಪಿ ಹೊಡೆಯಬೇಡಿ. ನಾವು ಹಾಗೆ ಮಾಡಿ "ಅಗತ್ಯವಿರುವ ಎಲ್ಲಾ ಸರ್ವೆಗಳನ್ನು ಕೈಗೊಳ್ಳತಕ್ಕದ್ದು" ಎಂಬ ಸಾಲನ್ನು ಹಾಗೇ ಬಿಟ್ಟಿದ್ದೆವು. ಇದನ್ನು ಓದಿದ ಒಬ್ಬರು ಮುಖ್ಯ ರಸ್ತೆ ಮಾತ್ರ ಅಂದುಕೊಂಡು ಕಡಿಮೆ ದರ ಹಾಕುತ್ತಾರೆ, ಇನ್ನೊಬ್ಬರು ಗಲ್ಲಿ ಗಲ್ಲಿ ಅಳೆಯಬೇಕು ಅಂತ ಜಾಸ್ತಿ ಹಾಕುತ್ತಾರೆ, ಕೊನೆಗೆ ಎರಡು ಬೇರೆ ಬೇರೆ ಕೆಲಸದ ದರವನ್ನು ಪಕ್ಕಪಕ್ಕ ಇಟ್ಟುಕೊಂಡು ನಾವು ತಲೆ ಕೆರೆದುಕೊಳ್ಳುತ್ತೇವೆ. ಎಷ್ಟು ವಾರ್ಡು, ಸುಮಾರು ಎಷ್ಟು ಕಿಲೋಮೀಟರ್ ರಸ್ತೆ, ಎಷ್ಟು ಕಡೆ ಮಣ್ಣಿನ ಪರೀಕ್ಷೆ, ಯಾವ ನಕ್ಷೆ ಯಾವ ಅಳತೆಯಲ್ಲಿ ಬೇಕು, ಇದೆಲ್ಲ ಬರೆಯಿರಿ. ಕಚೇರಿ ಏನು ಕೊಡುತ್ತದೆ ಅನ್ನುವುದನ್ನೂ ಬರೆಯಿರಿ. ಹಳೇ ನಕ್ಷೆ ಯಾರು ಕೊಡುತ್ತಾರೆ, ಕೊಳಚೆ ನೀರು ಶುದ್ಧೀಕರಣ ಘಟಕದ ಜಾಗಕ್ಕೆ ತಹಶೀಲ್ದಾರ್ ಕಚೇರಿ ಅಲೆಯುವವರು ಯಾರು? ಜಗಳ ಶುರುವಾಗುವುದೇ ಇಲ್ಲಿಂದ.

ಆಮೇಲೆ ಅಂದಾಜು. ಕಾಮಗಾರಿಗಾದರೆ ಎಸ್‌ಆರ್ ಪುಸ್ತಕ (ಇಲಾಖೆಯ ದರಪಟ್ಟಿ) ತೆಗೆದು ದರ ಹಾಕಬಹುದು. ತಲೆಯಿಂದ ಮಾಡುವ ಕೆಲಸಕ್ಕೆ ಹಾಗಾಗುವುದಿಲ್ಲ. ಜನ ಮತ್ತು ತಿಂಗಳ ಲೆಕ್ಕ ಹಾಕಿ: ಟೀಮ್ ಲೀಡರ್ ನಾಲ್ಕು ತಿಂಗಳು, ಡಿಸೈನ್ ಇಂಜಿನಿಯರ್ ಮೂರು, ಸರ್ವೆ ತಂಡ ಎರಡು. ಅದಕ್ಕೆ ಓಡಾಟ, ಲ್ಯಾಬ್ ಖರ್ಚು, ಅವರ ಕಚೇರಿ ಖರ್ಚು, ಲಾಭ ಸೇರಿಸಿ, ಜಿಎಸ್‌ಟಿ ಬೇರೆ ತೋರಿಸಿ. ಈ ಒಂದು ಹಾಳೆ ಕಡತದಲ್ಲಿಲ್ಲದೆ ನಮ್ಮ ಮೊದಲ ಟೆಂಡರ್ ಸತ್ತಿತು. ದರ ಜಾಸ್ತಿ ಅಂತ ಟೆಂಡರ್ ಪರಿಶೀಲಿಸುವ ಕಮಿಟಿ ಹೇಳಿತು, ಯಾವುದಕ್ಕಿಂತ ಜಾಸ್ತಿ ಅನ್ನುವುದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಇನ್ನು ಆಯ್ಕೆಯ ವಿಧಾನ. ಎಲ್ಲದಕ್ಕೂ ಕ್ಯೂಸಿಬಿಎಸ್, ಅಂದರೆ ಗುಣಮಟ್ಟ ಮತ್ತು ದರ ಎರಡಕ್ಕೂ ಅಂಕ ಕೊಡುವ ವಿಧಾನ, ಬೇಡ. ಲೆಕ್ಕಪತ್ರ ಬರೆಯಲು ಸಿಎ ಬೇಕು, ಮಾಮೂಲಿ ಕಟ್ಟಡದ ಸರ್ವೆ ಆಗಬೇಕು ಅಂದರೆ ಕನಿಷ್ಠ ಅರ್ಹತೆ ಇಟ್ಟು, ಪಾಸಾದವರಲ್ಲಿ ಕಡಿಮೆ ದರದವರಿಗೆ ಕೊಡಿ, ಬೇಗ ಮುಗಿಯುತ್ತದೆ. ಡಿಸೈನ್‌ನಲ್ಲಿ ಎಡವಿದರೆ ಕೋಟಿಗಟ್ಟಲೆ ನಷ್ಟ ಅನ್ನುವ ಕಡೆ ಮಾತ್ರ ಕ್ಯೂಸಿಬಿಎಸ್ ಇರಲಿ. ಅಲ್ಲೂ ಗುಣಮಟ್ಟಕ್ಕೆ ಎಷ್ಟು ಪಾಲು ಅಂತ ಕಣ್ಣುಮುಚ್ಚಿ ಬರೆಯಬೇಡಿ, ಒಮ್ಮೆ ಲೆಕ್ಕ ಮಾಡಿ ನೋಡಿ. ಒಬ್ಬರಿಗೆ ಟೆಕ್ನಿಕಲ್ ಅಂಕ 90, ದರ 60 ಲಕ್ಷ ಅಂದುಕೊಳ್ಳಿ. ಇನ್ನೊಬ್ಬರಿಗೆ 78, ದರ 45 ಲಕ್ಷ. ಕಡಿಮೆ ದರಕ್ಕೆ 100 ಅಂಕ, ಹಾಗಾಗಿ ಮೊದಲನೆಯವರಿಗೆ ದರದಲ್ಲಿ 75. ಪಾಲು 70:30 ಆದರೆ ಮೊದಲನೆಯವರು 85.5, ಎರಡನೆಯವರು 84.6. ಅದನ್ನೇ 60:40 ಮಾಡಿ, 84ಕ್ಕೆ 86.8 ಆಗಿ ಫಲಿತಾಂಶವೇ ತಿರುಗಿಬಿಡುತ್ತದೆ! 15 ಲಕ್ಷ ಜಾಸ್ತಿ ಕೊಟ್ಟು ಒಳ್ಳೆಯವರನ್ನು ತಗೊಳ್ಳಲು ನಿಮ್ಮ ಮೇಲಿನವರು ತಯಾರಿದ್ದಾರಾ? ಟೆಂಡರ್ ಕರೆಯುವ ಮೊದಲೇ ಕೇಳಿ, ಟಿಪ್ಪಣಿಯಲ್ಲಿ ಬರೆಸಿಕೊಳ್ಳಿ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ (ಜಿಎಫ್‌ಆರ್) ಗುಣಮಟ್ಟದ ಪಾಲು 80% ದಾಟಬಾರದು ಅಂತಿದೆ. ವಿಶ್ವಬ್ಯಾಂಕ್ ಸಾಲದ ಯೋಜನೆಯಾದರೆ ಸಾಲದ ಒಪ್ಪಂದದಲ್ಲಿರುವ ಖರೀದಿ ನಿಯಮ ಮೊದಲು ಓದಿ.

ಅರ್ಹತೆಯ ಶರತ್ತಿನಲ್ಲಿ ನಮ್ಮ ಎರಡನೇ ಟೆಂಡರ್ ಬಿತ್ತು. 50 ಲಕ್ಷದ ಕೆಲಸಕ್ಕೆ ವರ್ಷಕ್ಕೆ 20 ಕೋಟಿ ವಹಿವಾಟು ಕೇಳಿದ್ದೆವು, ಯಾಕೆ ಅಂತ ಈಗಲೂ ಯಾರಿಗೂ ಗೊತ್ತಿಲ್ಲ, ಯಾವುದೋ ದೊಡ್ಡ ಯೋಜನೆಯ ಕಾಗದದಿಂದ ಬಂದಿರಬೇಕು. ಬಂದದ್ದು ಒಂದೇ ಬಿಡ್. ವಹಿವಾಟಿಗಿಂತ ಮುಖ್ಯ ಇಂಥದ್ದೇ ಕೆಲಸ ಎಷ್ಟು ಮುಗಿಸಿದ್ದಾರೆ, ಈ ಕೆಲಸಕ್ಕೆ ಕೂರುವ ಜನ ಯಾರು ಅನ್ನುವುದು. ಅಂಕವನ್ನೂ ಒಡೆದು ಬರೆಯಿರಿ: ಒಂದು ಡಿಪಿಆರ್ ಮುಗಿಸಿದ್ದರೆ 5, ಎರಡಾದರೆ 8, ಮೂರಾದರೆ 10. "ಅನುಭವಕ್ಕೆ 30 ಅಂಕ" ಅಂತಷ್ಟೇ ಬರೆದರೆ ಕಮಿಟಿಯ ಮೂವರು ಮೂರು ಥರ ಅಂಕ ಹಾಕುತ್ತಾರೆ, ಸೋತವರು ಕಾಯ್ದೆಯ 16ನೇ ಕಲಂ ಪ್ರಕಾರ ಮೇಲ್ಮನವಿ ಹಾಕಿದಾಗ ನಿಮ್ಮ ಬಾಯಿ ಕಟ್ಟಿಹೋಗುತ್ತದೆ.

ಬಿಡ್ ಹಾಕುವ ಮೊದಲು ಸಂಸ್ಥೆಗಳ ಜೊತೆ ನಡೆಸುವ ಪ್ರಿ-ಬಿಡ್ ಮೀಟಿಂಗ್ ಅನ್ನು ಕಾಫಿ ಬಿಸ್ಕತ್ತಿಗೆ ಮುಗಿಸಬೇಡಿ. ಅಲ್ಲಿ ಬಂದ ಪ್ರಶ್ನೆಗಳಿಗೆಲ್ಲ ಒಂದೇ ಸಲ ಉತ್ತರ ಬರೆದು ಪೋರ್ಟಲ್‌ಗೆ ಹಾಕಿ. ಫೋನಿನಲ್ಲಿ ಒಬ್ಬರಿಗೆ ಹೇಳಿದ್ದು ಎಲ್ಲರಿಗೂ ಗೊತ್ತಾಗಬೇಕು, ಅಲ್ವಾ? ಸ್ಕ್ರುಟಿನಿ ಕಮಿಟಿಯವರ ದಿನಾಂಕವನ್ನೂ ಟೆಂಡರ್ ಹೊರಡುವ ದಿನವೇ ಗೊತ್ತುಮಾಡಿಕೊಳ್ಳಿ. ಕವರ್ ತೆರೆದ ಮೇಲೆ ಸದಸ್ಯರನ್ನು ಹುಡುಕುತ್ತಾ ಹೋದರೆ ಬಿಡ್‌ನ ವ್ಯಾಲಿಡಿಟಿಯೇ ಮುಗಿದುಹೋಗುತ್ತದೆ.

ಇಷ್ಟೆಲ್ಲ ಯಾಕೆ, ಕಾಯ್ದೆಯ 4(ಜಿ) ಕಲಂನ ವಿನಾಯಿತಿ ತಗೊಂಡು ಟೆಂಡರ್ ಇಲ್ಲದೆ ನೇರ ಕೊಟ್ಟುಬಿಡೋಣ ಅನ್ನುವವರು ಪ್ರತಿ ಕಚೇರಿಯಲ್ಲೂ ಇದ್ದಾರೆ. ಅದಕ್ಕೆ ಸರ್ಕಾರವೇ ಅಧಿಸೂಚನೆ ಹೊರಡಿಸಬೇಕು, ಯಾಕೆ ಬೇಕು ಅಂತ ಸಮರ್ಥಿಸಿ ಕಡತ ಮೇಲೆ ಹೋಗಿ ಬರುವಷ್ಟರಲ್ಲಿ ನೆಟ್ಟಗೆ ಕರೆದ ಟೆಂಡರ್ ಮುಗಿದಿರುತ್ತದೆ. ಕೆಲಸವನ್ನು ತುಂಡು ಮಾಡಿ ಟೆಂಡರ್ ಬೇಡದ ಮಿತಿಯೊಳಗೆ ತರುವ ಉಪಾಯವಂತೂ ಬೇಡ, ಆಡಿಟ್‌ನವರು ಮೊದಲು ಹುಡುಕುವುದೇ ಅದನ್ನು.

ಕೊನೆಯದು ದುಡ್ಡು. ಒಳ್ಳೆಯ ಸಂಸ್ಥೆಗಳು ಸರ್ಕಾರಿ ಟೆಂಡರ್ ಕಡೆ ತಲೆ ಹಾಕದಿರಲು ದೊಡ್ಡ ಕಾರಣ ಬಿಲ್ ಯಾವಾಗ ಬರುತ್ತದೋ ಗೊತ್ತಿಲ್ಲ ಅನ್ನುವುದು. "ಡಿಪಿಆರ್‌ಗೆ ಮಂಜೂರಾತಿ ಸಿಕ್ಕ ಮೇಲೆ 50%" ಅಂತ ಬರೆದರೆ, ಮಂಜೂರಾತಿ ಕನ್ಸಲ್ಟೆಂಟ್ ಕೈಯಲ್ಲಿಲ್ಲ, ಆ ಕಾಯುವಿಕೆಯ ಬಡ್ಡಿಯನ್ನೂ ಅವರು ದರದಲ್ಲಿ ಸೇರಿಸುತ್ತಾರೆ. ಸರ್ವೆ ವರದಿ, ಕರಡು, ಅಂತಿಮ ವರದಿ ಹೀಗೆ ಕೊಟ್ಟದ್ದಕ್ಕೆ ಕಂತು ಮಾಡಿ, ಮಂಜೂರಾತಿಗೆ ಅಂತ 10% ಉಳಿಸಿಕೊಳ್ಳಿ. ಕರಡು ಕೈಗೆ ಬಂದ 21 ದಿನದಲ್ಲಿ ಕಚೇರಿ ಆಕ್ಷೇಪ ಹೇಳದಿದ್ದರೆ ಒಪ್ಪಿದಂತೆ ಅಂತಲೂ ನಾವು ಮೂರನೇ ಸಲ ಸೇರಿಸಿದೆವು. ಈ ಸಾಲಿಗೆ ನಮ್ಮವರೇ ಗಲಾಟೆ ಮಾಡಿದರು. ಆದರೆ ಆ ಸಲ ನಾಲ್ಕು ಬಿಡ್ ಬಂದವು, ಕರಡಿನ ಮೇಲೆ ಆಕ್ಷೇಪವೂ ಹೋಯಿತು, ಇಪ್ಪತ್ತನೇ ದಿನ, ಸಂಜೆ ಆರಕ್ಕೆ.