ಗಾಳಿಯ ಭಾರದಲ್ಲೇ ಹಲಗೆ ಹಿಡಿಯುವುದು: ವ್ಯಾಕ್ಯೂಮ್ ಕ್ಲ್ಯಾಂಪ್ ನೀವೇ ಮಾಡಿಕೊಳ್ಳಿ

ತೊಟ್ಟಿಲಿನ ಪಕ್ಕದ ಹಲಗೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಸಾಗವಾನಿ, 60 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲ, ದಪ್ಪ ಅರ್ಧ ಇಂಚು. ನಾಲ್ಕೂ ಅಂಚನ್ನು, ತಿರುಗುವ ಅಲಗಿನಿಂದ ಮರ ಕೆತ್ತುವ ಕೈಯಂತ್ರವಾದ ರೂಟರ್‌ನಿಂದ ದುಂಡಗೆ ಮಾಡಬೇಕು, ಮೇಲ್ಮೈಯನ್ನು ಬಣ್ಣ ಕೂರುವಷ್ಟು ನುಣುಪಾಗಿ ಉಜ್ಜಬೇಕು. ತಿರುಪಿನಿಂದ ಬಿಗಿದು ಹಿಡಿಯುವ ಸಿ-ಕ್ಲ್ಯಾಂಪ್ ಹಾಕಿದರೆ ಒಂದು ಅಂಚು ಮುಚ್ಚಿಹೋಗುತ್ತದೆ. ಆ ಅಂಚಿಗೆ ಬಂದಾಗ ಬಿಚ್ಚಿ, ಇನ್ನೊಂದು ಕಡೆ ಬಿಗಿದು, ಮತ್ತೆ ಶುರು ಮಾಡಬೇಕು. ರೂಟರ್ ನಿಂತು ಹೊರಟ ಜಾಗದಲ್ಲಿ ಗುರುತು ಉಳಿಯುತ್ತದೆ, ಕ್ಲ್ಯಾಂಪಿನ ಬಾಯಿ ಕಚ್ಚಿದ ಗುರುತು ಬೇರೆ. ಕಲಘಟಗಿಯ ತೊಟ್ಟಿಲಿನಂತೆ ಅರಗಿನ ಬಣ್ಣದಲ್ಲಿ ಚಿತ್ರ ಬರೆಯುವ ಹಲಗೆಯಾದರೆ ಅಂಥದೊಂದು ಗುರುತೂ ಬಣ್ಣದ ಕೆಳಗಿಂದ ಎದ್ದು ಕಾಣುತ್ತದೆ.

ಹುಬ್ಬಳ್ಳಿಯ ನನ್ನ ಚಿಕ್ಕ ವರ್ಕ್‌ಶಾಪಿನಲ್ಲಿ ಈ ಕೆಲಸಕ್ಕೆ ಈಗ ಕ್ಲ್ಯಾಂಪ್ ಮುಟ್ಟುವುದಿಲ್ಲ. ಹಲಗೆಯನ್ನು ಪ್ಲೈವುಡ್ಡಿನ ಪೀಠದ ಮೇಲೆ ಇಡುತ್ತೇನೆ, ಅದರ ಕೆಳಗಿನ ಗಾಳಿಯನ್ನು ಪಂಪ್ ತೆಗೆಯುತ್ತದೆ, ಹಲಗೆ ಅಲ್ಲೇ ಕಚ್ಚಿ ಕೂರುತ್ತದೆ. ನಾಲ್ಕೂ ಅಂಚು ಖುಲ್ಲಾ. ಇದನ್ನು ಮೊದಲ ಸಲ ನೋಡಿದಾಗ ನಮ್ಮ ಓಣಿಯ ಹಿರಿಯ ಬಡಿಗೇರ ಕಾಕಾ ನಂಬಲಿಲ್ಲ. “ಬರೇ ಗಾಳಿಗೆ ಕಟಗಿ ನಿಂದರತೈತೇನೋ ತಮ್ಮಾ?” ಅಂದರು. “ನೀವಽ ಒಮ್ಮೆ ದಬ್ಬಿ ನೋಡ್ರಿ ಕಾಕಾ” ಅಂದೆ. ಎರಡೂ ಅಂಗೈ ಹಚ್ಚಿ ದಬ್ಬಿದರು, ಹೆಗಲು ಕೊಟ್ಟು ದಬ್ಬಿದರು. ಹಲಗೆ ಜಗ್ಗಲಿಲ್ಲ, ಕೆಳಗಿನ ಟೇಬಲ್ ಸರಿಯಿತು.

ಭಾರದ ಲೆಕ್ಕ

ಪಂಪ್ ಹಲಗೆಯನ್ನು ಎಳೆದು ಹಿಡಿಯುತ್ತದೆ ಎಂದುಕೊಂಡರೆ ಮುಂದಿನದೆಲ್ಲ ತಪ್ಪುತ್ತದೆ. ಹಿಡಿಯುವುದು ಮೇಲಿನ ಗಾಳಿ. ಸಮುದ್ರಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಅದು ಸುಮಾರು 1.03 ಕೆ.ಜಿ. ಭಾರ ಹಾಕುತ್ತದೆ. ಹಲಗೆಯ ಮೇಲೂ ಕೆಳಗೂ ಸಮನಾಗಿ ಒತ್ತುವುದರಿಂದ ನಮಗೆ ಅದರ ಅರಿವಿಲ್ಲ. ಕೆಳಗಿನ ಗಾಳಿ ತೆಗೆದರೆ ಮೇಲಿನ ಭಾರವಷ್ಟೇ ಉಳಿಯುತ್ತದೆ. ಪಂಪ್ ಮಾಡುವುದು ದಾರಿ ಬಿಡಿಸುವ ಕೆಲಸ ಮಾತ್ರ. ಹಾಗಾಗಿ ಹಿಡಿತ ಎಷ್ಟೆಂದು ತಿಳಿಯಲು ಎರಡೇ ಸಂಗತಿ ಬೇಕು: ಹಲಗೆಯ ಕೆಳಗೆ ಗಾಳಿ ತೆಗೆದ ಜಾಗ ಎಷ್ಟು, ಗಾಳಿ ಎಷ್ಟು ಹೋಗಿದೆಯೆಂದು ತೋರಿಸುವ ಗೇಜಿನ ಮುಳ್ಳು ಎಲ್ಲಿದೆ.

ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 670 ಮೀಟರ್ ಎತ್ತರದಲ್ಲಿದೆ, ಧಾರವಾಡ ಇನ್ನೂ ಮೇಲೆ. ಇಲ್ಲಿ ಗಾಳಿಯ ಭಾರ ಕರಾವಳಿಗಿಂತ ನೂರಕ್ಕೆ ಏಳೆಂಟು ಪಾಲು ಕಡಿಮೆ. ವ್ಯಾಕ್ಯೂಮ್ ಗೇಜಿನಲ್ಲಿ 760 ಮಿ.ಮೀ. ಪಾದರಸದವರೆಗೆ ಗೆರೆ ಇರುತ್ತದೆ. ನಮ್ಮೂರಲ್ಲಿ ಎಂಥ ಹೊಸ ಪಂಪ್ ಹಚ್ಚಿದರೂ ಮುಳ್ಳು 700ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಪಂಪ್ ಕೆಟ್ಟಿದೆಯೆಂದು ಅಂಗಡಿಗೆ ಹೊತ್ತೊಯ್ಯಬೇಡಿ. ಮರಗೆಲಸಕ್ಕೆ 600 ಬಂದರೆ ಸಾಕು. 600 ಎಂದರೆ ಚದರ ಸೆಂಟಿಮೀಟರಿಗೆ 0.8 ಕೆ.ಜಿ.

ನಮ್ಮ ಹಲಗೆಯ ಕೆಳಗೆ, ಗಾಳಿ ಸೋರದಂತೆ ಪೀಠದ ಅಂಚಿಗೆ ಅಂಟಿಸುವ ಫೋಮ್ ಟೇಪಿನ ಒಳಗೆ 56 ಸೆಂ.ಮೀ. ಉದ್ದ, 24 ಸೆಂ.ಮೀ. ಅಗಲದ ಜಾಗ ಸಿಗುತ್ತದೆ. ಅಂದರೆ 1,344 ಚದರ ಸೆಂ.ಮೀ., 0.8ರಿಂದ ಗುಣಿಸಿದರೆ 1,075 ಕೆ.ಜಿ. ಇಪ್ಪತ್ತೊಂದು ಸಿಮೆಂಟ್ ಚೀಲ ಹೇರಿದ ಹಾಗೆ.

ಆದರೆ ಈ ಭಾರ ಬೀಳುವುದು ಮೇಲಿನಿಂದ ಕೆಳಕ್ಕೆ, ರೂಟರ್ ತಳ್ಳುವುದು ಅಡ್ಡಕ್ಕೆ. ಅಡ್ಡಕ್ಕೆ ತಡೆಯುವುದು ಹಲಗೆಗೂ ಪೀಠಕ್ಕೂ ನಡುವಿನ ತಿಕ್ಕಾಟವೊಂದೇ. ಒಟ್ಟು ಭಾರದ ಮೂರರಲ್ಲಿ ಒಂದು ಪಾಲನ್ನಷ್ಟೇ ನಾನು ಲೆಕ್ಕಕ್ಕೆ ಹಿಡಿಯುತ್ತೇನೆ. ತೊಟ್ಟಿಲಿನ ಹಲಗೆಗೆ ಆಗಲೂ 350 ಕೆ.ಜಿ. ಉಳಿಯುತ್ತದೆ, ಚಿಂತೆಯಿಲ್ಲ. ಒಳಗಿನ ಜಾಗ 5 ಸೆಂ.ಮೀ. ಚೌಕವಷ್ಟೇ ಇರುವ ತುಂಡಾದರೆ? 25 ಚದರ ಸೆಂ.ಮೀ.ಗೆ 20 ಕೆ.ಜಿ., ಅಡ್ಡಕ್ಕೆ ಆರೇಳು ಕೆ.ಜಿ. ರೂಟರಿನ ತಿರುಗುವ ಅಲಗು, ಅಂದರೆ ಬಿಟ್, ಮರದ ಒಂದು ಗಂಟಿಗೆ ಸಿಕ್ಕರೆ ಆ ತುಂಡು ಕವಣೆಕಲ್ಲಿನಂತೆ ಹಾರುತ್ತದೆ. ಒಳಗಿನ ಜಾಗ 200 ಚದರ ಸೆಂ.ಮೀ. ಇಲ್ಲದಿದ್ದರೆ ವ್ಯಾಕ್ಯೂಮ್ ಒಂದನ್ನೇ ನಂಬಿ ರೂಟರ್ ಹಚ್ಚಬಾರದೆಂದು ನಾನು ಗೆರೆ ಎಳೆದುಕೊಂಡಿದ್ದೇನೆ. ಸಣ್ಣ ತುಂಡಿಗೆ ಹಳೆಯ ಕ್ಲ್ಯಾಂಪೇ ಸರಿ.

ಪೀಠ ಮಾಡುವುದು

ಎರಡು ಅಂತಸ್ತು ಬೇಕು. ಕೆಳಗಿನದು 18 ಮಿ.ಮೀ. ಪ್ಲೈವುಡ್, ಟೇಬಲ್‌ಗೆ ಬಿಗಿಯಲು ಸುತ್ತಲೂ ಜಾಗ ಬಿಟ್ಟು ದೊಡ್ಡದಾಗಿ ಕೊಯ್ದುಕೊಳ್ಳಿ. ಮೇಲಿನದು ಹಲಗೆಗಿಂತ ಎಲ್ಲ ಕಡೆ ಒಂದೊಂದು ಸೆಂ.ಮೀ. ಚಿಕ್ಕದು, ನಮ್ಮ ಲೆಕ್ಕದಲ್ಲಿ 58 × 26 ಸೆಂ.ಮೀ. ಹಲಗೆಯ ಅಂಚು ಹೀಗೆ ಹೊರಗೆ ಚಾಚಿದ್ದರೆ ರೂಟರ್ ಬಿಟ್ಟಿನ ಬೇರಿಂಗ್ ಅಡ್ಡಿಯಿಲ್ಲದೆ ಸುತ್ತು ಬರುತ್ತದೆ, ಟೇಪಿಗೂ ಬಿಟ್ ತಾಗುವುದಿಲ್ಲ. ಎರಡನ್ನೂ ಫೆವಿಕಾಲ್ ಹಚ್ಚಿ ಕೂಡಿಸಿ, ಮೇಲ್ಮೈಗೆ ಸನ್ಮೈಕಾ ಅಂಟಿಸಿ.

ಮೇಲಿನ ಪೀಠದ ನಡುವೆ ಕೆಳಗಿನವರೆಗೆ ತೂತು ಕೊರೆದು ಕಾಲು ಇಂಚಿನ ಹಿತ್ತಾಳೆ ಫಿಟ್ಟಿಂಗ್‌ಗೆ ಟೆಫ್ಲಾನ್ ಟೇಪ್ ಸುತ್ತಿ ಕೂರಿಸಿ. ತೂತಿನಿಂದ ನಾಲ್ಕೂ ಮೂಲೆಯತ್ತ 3 ಮಿ.ಮೀ. ಆಳದ ಕಾಲುವೆ ತೆಗೆಯಿರಿ. ಇಲ್ಲವಾದರೆ ಹಲಗೆ ತೂತಿನ ಬಾಯಿಯನ್ನೇ ಮುಚ್ಚಿ, ದೂರದ ಮೂಲೆಯ ಗಾಳಿ ಅಲ್ಲೇ ಉಳಿಯುತ್ತದೆ.

ಇಲ್ಲಿ ಬಹಳ ಮಂದಿ ಬಿಡುವ ಕೆಲಸವೊಂದಿದೆ. ಪ್ಲೈವುಡ್ಡಿನ ಅಂಚಿನಿಂದ ಗಾಳಿ ಪದರಗಳ ನಡುವೆ ನುಸುಳಿ, ತೂತಿನ ಒಳಗೋಡೆಯಿಂದಲೂ ಹೊಸದಾಗಿ ತೆಗೆದ ಕಾಲುವೆಯಿಂದಲೂ ಒಳಗೆ ಬರುತ್ತದೆ. ಟೇಪ್ ಎಷ್ಟು ಬದಲಿಸಿದರೂ ಮುಳ್ಳು ಏರುವುದಿಲ್ಲ. ಆದ್ದರಿಂದ ಎಲ್ಲ ಅಂಚಿಗೂ, ಕಾಲುವೆಗೂ, ತೂತಿನ ಒಳಗೂ ಮರದ ಸಣ್ಣ ರಂಧ್ರ ಮುಚ್ಚುವ ಸ್ಯಾಂಡಿಂಗ್ ಸೀಲರ್ ಎರಡು ಕೈ ಹೊಡೆಯಿರಿ. ತೂತಿನೊಳಕ್ಕೆ ಬಟ್ಟೆ ಸುತ್ತಿದ ಕಡ್ಡಿ ಸಾಕು.

ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಈ ಪೀಠಕ್ಕೆ ಬೇಡ, ಅದರ ಮೈಯಲ್ಲೇ ಗಾಳಿ ಹಾಯುತ್ತದೆ. ಬಾಗಿಲಿಗೆ ನಕ್ಷೆ ಕೊರೆಯುವ, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಗಳಲ್ಲಿ ಇದೇ ಗುಣವನ್ನು ಬೇಕೆಂದೇ ಬಳಸುತ್ತಾರೆ: ಮೇಜಿನ ತುಂಬ ಎಂಡಿಎಫ್ ಹಾಸಿ, ಅದರ ಮೂಲಕವೇ ಗಾಳಿ ಎಳೆದು ಇಡೀ ಶೀಟ್ ಹಿಡಿಯುತ್ತಾರೆ. ಅದಕ್ಕೆ ನಿಲ್ಲದೆ ಗಾಳಿ ಸಾಗಿಸುವ ದೊಡ್ಡ ಪಂಪ್ ಬೇಕು. ನಮ್ಮ ಚಿಕ್ಕ ಪಂಪಿಗೆ ಅದು ಸಾಗದು.

ಟೇಪ್ ಮತ್ತು ದಿಬ್ಬಗಳು

10 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಫೋಮ್ ಟೇಪ್ ತನ್ನಿ. ಕೊಳ್ಳುವಾಗ ಒಂದು ಚೂರನ್ನು ನೀರಿನಲ್ಲಿ ಅದ್ದಿ ಹಿಂಡಿ ನೋಡಿ. ಪಾತ್ರೆ ತೊಳೆಯುವ ಸ್ಪಂಜಿನಂತೆ ನೀರು ಕುಡಿದರೆ ಅದರಲ್ಲಿ ಗಾಳಿಯೂ ಹಾಯುತ್ತದೆ, ಬಿಟ್ಟುಬಿಡಿ. ನೀರು ಕುಡಿಯದ, ರಬ್ಬರಿನಂಥ ನಿಯೋಪ್ರೀನ್ ಟೇಪ್ ಬೇಕು. ಪೀಠದ ಅಂಚಿನುದ್ದಕ್ಕೂ ಒಂದೇ ತುಂಡಿನಲ್ಲಿ ಅಂಟಿಸಿ. ಮೂಲೆಯಲ್ಲಿ ಎಳೆಯದೆ ತಿರುಗಿಸಿ. ಎರಡು ತುದಿ ಸೇರುವ ಜಾಗ ಮೂಲೆಯಲ್ಲಿರದೆ ನೇರ ಅಂಚಿನ ನಡುವೆ ಇರಲಿ. ತುದಿಗಳನ್ನು ಬ್ಲೇಡಿನಿಂದ ಓರೆಯಾಗಿ ಕೊಯ್ದು, ಕೂದಲೆಳೆಯಷ್ಟು ಉದ್ದ ಹೆಚ್ಚಿಗೆ ಬಿಟ್ಟು, ಒಂದಕ್ಕೊಂದು ಒತ್ತಿ ಕೂರಿಸಿ. ಒಂದರ ಮೇಲೊಂದು ಹತ್ತಿಸಿದರೆ ಆ ಉಬ್ಬಿನ ಎರಡೂ ಪಕ್ಕ ಸಂದು ಬಿದ್ದು ಸೋರುತ್ತದೆ.

ಟೇಪ್ ಒಂದರ ಮೇಲೆಯೇ ಹಲಗೆ ನಿಂತರೆ ಅದು ಹಾಸಿಗೆಯ ಮೇಲೆ ಕೂತಂತೆ, ರೂಟರ್ ತಾಗಿದಾಗ ಅಲ್ಲಾಡುತ್ತದೆ. ಅದಕ್ಕೆ ಟೇಪಿನ ಒಳಗೆ ಅಲ್ಲಲ್ಲಿ ಗಟ್ಟಿ ದಿಬ್ಬಗಳು ಬೇಕು. ಉಳಿದ ಸನ್ಮೈಕಾದಿಂದ ಎರಡು ಬೆರಳಗಲದ ತುಂಡು ಕತ್ತರಿಸಿ, ಮೇಲೆ 120 ನಂಬರಿನ ಸ್ಯಾಂಡ್ ಪೇಪರ್ ಹಚ್ಚಿ, ಕಾಲುವೆ ಬಿಟ್ಟು ಉಳಿದ ಕಡೆ ಅಂಟಿಸಿ. ಗಾಳಿ ಹೋದಂತೆ ಟೇಪ್ ಅರ್ಧಕ್ಕಿಂತ ಕಡಿಮೆ ದಪ್ಪಕ್ಕೆ ಇಳಿದು ಹಲಗೆ ಈ ದಿಬ್ಬಗಳ ಮೇಲೆ ಕೂರುತ್ತದೆ. ಸ್ಯಾಂಡ್ ಪೇಪರಿನ ಹರಳು ಹಲಗೆಯ ಬೆನ್ನನ್ನು ಕಚ್ಚುತ್ತದೆ, ಅಡ್ಡ ಹಿಡಿತ ಬರುವುದು ಅದರಿಂದ. ದಿಬ್ಬಗಳ ನಡುವೆ ಒಂದು ಗೇಣಿಗಿಂತ ಹೆಚ್ಚು ಅಂತರ ಬೇಡ. ತೆಳು ಹಲಗೆ ಆಸರೆಯಿಲ್ಲದ ಜಾಗದಲ್ಲಿ ಒಳಕ್ಕೆ ಬಾಗುತ್ತದೆ, ಅಲ್ಲಿ ಸ್ಯಾಂಡರ್ ಕಡಿಮೆ ಉಜ್ಜುತ್ತದೆ, ಗಾಳಿ ಬಿಟ್ಟ ಮೇಲೆ ಅದೇ ಜಾಗ ಹೊಟ್ಟೆಯಂತೆ ಉಬ್ಬಿ ನಿಲ್ಲುತ್ತದೆ.

ಯಾವ ಪಂಪ್?

ಪಾಲಿಶ್ ಹೊಡೆಯಲು ಕಂಪ್ರೆಸರ್ ಈಗಾಗಲೇ ಇದ್ದರೆ ಅದಕ್ಕೆ ಜೋಡಿಸುವ ವೆಂಚುರಿ ಸಾಕು. ಒತ್ತಡದ ಗಾಳಿ ಇಕ್ಕಟ್ಟಾದ ಬಾಯಿಯಿಂದ ಹೊರಡುವಾಗ ಪಕ್ಕದ ಗಾಳಿಯನ್ನೂ ಸೆಳೆದೊಯ್ಯುತ್ತದೆ. ತಿರುಗುವ ಭಾಗವೇ ಇಲ್ಲ, ಕೆಡುವುದೂ ಅಪರೂಪ. ಆದರೆ ಕಂಪ್ರೆಸರ್ ಹೆಚ್ಚು ಹೊತ್ತು ಓಡುತ್ತದೆ. ಇಲ್ಲದವರಿಗೆ ಎ.ಸಿ. ಮೆಕ್ಯಾನಿಕ್‌ಗಳು ಬಳಸುವ ಎಣ್ಣೆಯ ಪಂಪ್ ಒಳ್ಳೆಯದು, ಫ್ರಿಜ್ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ. ನಾನು ಬಳಸುವುದು ಇದನ್ನೇ. ಮಳೆಗಾಲದಲ್ಲಿ ಇದರ ಎಣ್ಣೆಗೆ ತೇವ ಸೇರಿ ಹಾಲಿನಂತೆ ಬೆಳ್ಳಗಾಗುತ್ತದೆ, ಆಗ ತಡಮಾಡದೆ ಬದಲಿಸಬೇಕು. ವ್ಯಾಕ್ಯೂಮ್ ಕ್ಲೀನರ್ ಕೂಡ ಹಿಡಿಯುತ್ತದೆ, ಆದರೆ ಅದರ ಎಳೆತ ಚದರ ಸೆಂಟಿಮೀಟರಿಗೆ 0.2 ಕೆ.ಜಿ.ಯ ಆಸುಪಾಸು. ದೊಡ್ಡ ಹಲಗೆ ಉಜ್ಜಲು ಆದೀತು, ರೂಟರ್‌ಗೆ ಬೇಡ. ಬಾಯಿ ಪೂರ್ತಿ ಮುಚ್ಚಿದರೆ ಕೆಲವು ಕ್ಲೀನರ್‌ಗಳ ಮೋಟಾರ್ ತಂಪಾಗದೆ ಸುಡುತ್ತದೆ.

ಹಳೆಯ ಫ್ರಿಜ್ಜಿನ ಕಂಪ್ರೆಸರ್ ಬಿಚ್ಚಿ ಬಳಸುವವರೂ ಇದ್ದಾರೆ. ಕೆಲಸ ಮಾಡುತ್ತದೆ, ನಿಧಾನ. ಆದರೆ ಪೈಪನ್ನು ನೀವೇ ಕೊಯ್ಯಬೇಡಿ. ಈಗಿನ ಬಹಳಷ್ಟು ಫ್ರಿಜ್‌ಗಳಲ್ಲಿರುವ ಆರ್600ಎ ಬೆಂಕಿ ಹತ್ತುವ ಅನಿಲ. ಮೆಕ್ಯಾನಿಕ್ ಕೈಯಿಂದಲೇ ತೆಗೆಸಿ.

ಪೀಠದಿಂದ ಪಂಪಿನ ಕಡೆಗೆ ಜೋಡಣೆ ಹೀಗಿರಲಿ: ಮೊದಲು ಗೇಜ್, ಆಮೇಲೆ ಹೊರಗಿನ ಗಾಳಿ ಒಳಬಿಡುವ ಚಿಕ್ಕ ಬಾಲ್ ವಾಲ್ವ್, ಆಮೇಲೆ ಫಿಲ್ಟರ್, ಶೇಖರಣೆಯ ಟ್ಯಾಂಕ್, ಗಾಳಿಯನ್ನು ಪಂಪಿನ ಕಡೆಗಷ್ಟೇ ಬಿಡುವ ನಾನ್ ರಿಟರ್ನ್ ವಾಲ್ವ್, ಕೊನೆಗೆ ಪಂಪ್. ಫಿಲ್ಟರ್‌ಗೆ ಬೈಕಿನ ಪೆಟ್ರೋಲ್ ಫಿಲ್ಟರ್ ಸಾಕು, ಪಾರದರ್ಶಕವಾದ್ದರಿಂದ ಒಳಗೆ ಕೂತ ಮರದ ಪುಡಿ ಕಾಣುತ್ತದೆ. ಫಿಲ್ಟರ್ ಇಲ್ಲದೆ ಒಂದು ದಿನವೂ ಪಂಪ್ ಓಡಿಸಬೇಡಿ.

ಟ್ಯಾಂಕ್ ಇರುವುದು ಕರೆಂಟ್ ಹೋದಾಗಿನ ಆಸರೆಗೆ. ಪಂಪ್ ನಿಂತರೂ ರೂಟರ್ ಎತ್ತಿ ಪಕ್ಕಕ್ಕಿಡುವಷ್ಟು ಹೊತ್ತು ಹಿಡಿತ ಉಳಿಯುತ್ತದೆ. ನಾನು ಮೊದಲು 20 ಲೀಟರಿನ ಖಾಲಿ ಪೇಂಟ್ ಡಬ್ಬಿಯನ್ನು ಸೀಲ್ ಮಾಡಿ ಹಚ್ಚಿದ್ದೆ. ಮೂರನೇ ಹಲಗೆಯ ನಡುವೆ ಡಬ್ಬಿ ಢಬ್ಬೆಂದು ಒಳಕ್ಕೆ ಕುಸಿಯಿತು, ಪೈಪ್ ಕಿತ್ತುಬಂತು, ಕೈಯಲ್ಲಿ ರೂಟರ್ ತಿರುಗುತ್ತಿದ್ದಾಗಲೇ ಹಲಗೆ ಸಡಿಲವಾಯಿತು. ಬಿಟ್ ಹಲಗೆಯೊಳಗೆ ಬೆರಳುದ್ದ ಇಳಿದು ನಿಂತಿತು. ಅಷ್ಟು ದೂರದಲ್ಲೇ ನನ್ನ ಎಡಗೈ ಇತ್ತು. ಹಳೆಯ ಏರ್ ಕಂಪ್ರೆಸರ್‌ನ ಟ್ಯಾಂಕ್ ಸಿಕ್ಕರೆ ಅದನ್ನೇ ಹಾಕಿ. ತೆಳು ತಗಡು, ಪ್ಲಾಸ್ಟಿಕ್ ಡ್ರಮ್, ಗಾಜಿನ ಭರಣಿ ಯಾವುದೂ ಬೇಡ.

ಸೋರಿಕೆ ಹುಡುಕುವುದು

ಪೀಠದ ಮೇಲೆ ಸನ್ಮೈಕಾ ಹಚ್ಚಿದ ಚಪ್ಪಟೆ ಹಲಗೆ ಇಟ್ಟು ಪಂಪ್ ಓಡಿಸಿ. ಮುಳ್ಳು 600ಕ್ಕೆ ಬಂದ ಮೇಲೆ ಪಂಪ್ ನಿಲ್ಲಿಸಿ ಗಡಿಯಾರ ನೋಡಿ. ಒಂದು ನಿಮಿಷದಲ್ಲಿ 20-30 ಇಳಿದರೆ ಒಳ್ಳೆಯ ಪೀಠ. ಹತ್ತು ಸೆಕೆಂಡಿನಲ್ಲಿ ಅರ್ಧಕ್ಕೆ ಬಂದರೆ ಎಲ್ಲೋ ಬಾಯಿ ಬಿಟ್ಟಿದೆ. ಸೈಕಲ್ ಟ್ಯೂಬಿನಂತೆ ಸೋಪಿನ ನೀರು ಹಚ್ಚಿದರೆ ಇಲ್ಲಿ ಗುಳ್ಳೆ ಬರುವುದಿಲ್ಲ, ನೀರೇ ಒಳಗೆ ಹೋಗುತ್ತದೆ. ಉದುಬತ್ತಿಯ ಹೊಗೆ ಸೋರುವ ಕಡೆ ತಿರುಗಿ ಒಳನುಗ್ಗುವುದು ಚೆನ್ನಾಗಿ ಕಾಣುತ್ತದೆ, ಆದರೆ ಥಿನ್ನರ್, ಮರದ ಪುಡಿ ಇರುವ ಕಡೆ ಕಿಡಿ ಹಚ್ಚುವುದು ಸಲ್ಲ. ಒಂದು ಗೇಣು ರಬ್ಬರ್ ಪೈಪ್ ತೆಗೆದುಕೊಂಡು ಒಂದು ತುದಿ ಕಿವಿಗೆ ಹಿಡಿದು, ಇನ್ನೊಂದನ್ನು ಟೇಪಿನುದ್ದಕ್ಕೂ ಒಯ್ಯಿರಿ. ಕಿವಿಯಲ್ಲಿ ಸುಂಯ್ ಎಂದ ಕಡೆ ಪೆನ್ಸಿಲ್ ಗುರುತು ಹಾಕಿ.

ಕೆಲವೊಮ್ಮೆ ಪೀಠ ಸರಿಯಿದ್ದು ಮರವೇ ಸೋರುತ್ತದೆ. ಸೀಳು, ಹುಳ ತಿಂದ ತೂತು, ಗಂಟಿನ ಸುತ್ತಲ ಬಿರುಕು ಇದ್ದರೆ ಬೆನ್ನಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಇಲ್ಲವೇ ಸೀಲರ್ ಒಂದು ಕೈ ಹೊಡೆಯಿರಿ.

ಕೆಲಸಕ್ಕೆ ಇಳಿದಾಗ

ಪೀಠವನ್ನು ತಲೆ ಅಡಗುವ ಸ್ಕ್ರೂಗಳಿಂದ ಟೇಬಲ್‌ಗೆ ಬಿಗಿಯಿರಿ. ಟೇಪನ್ನೂ ಹಲಗೆಯ ಬೆನ್ನನ್ನೂ ಒರೆಸಿ, ಒಂದು ಸಿಪ್ಪೆ ಸಿಕ್ಕಿಕೊಂಡರೂ ಸೋರಿಕೆಯೇ. ಹಲಗೆ ಇಟ್ಟು ಎರಡೂ ಕೈಯಿಂದ ಅಂಚುಗಳನ್ನು ಒತ್ತಿ ಪಂಪ್ ಹಾಕಿ, ಟೇಪ್ ಹಿಡಿದಾಗ ಪಂಪಿನ ಸದ್ದು ಬದಲಾಗುವುದು ಕೇಳಿಸುತ್ತದೆ. ಮುಳ್ಳು 600 ಮುಟ್ಟುವವರೆಗೆ ರೂಟರ್‌ನ ಸ್ವಿಚ್ ಮುಟ್ಟಬೇಡಿ. ಕೆಲಸದುದ್ದಕ್ಕೂ ಗೇಜ್ ಕಣ್ಣಿಗೆ ಬೀಳುವ ಕಡೆ ಇರಲಿ. ಮುಳ್ಳು 500ಕ್ಕೆ ಇಳಿಯಿತೋ, ರೂಟರ್ ಎತ್ತಿಬಿಡಿ. ಒಂದೇ ಸಲ ಪೂರ್ತಿ ಆಳ ತೆಗೆಯದೆ ಎರಡು ಮೂರು ಸುತ್ತಿನಲ್ಲಿ ತೆಗೆಯಿರಿ.

ಬಾಗಿದ ಹಲಗೆಯನ್ನು ಮಟ್ಟ ಮಾಡಲು ಇದನ್ನು ಬಳಸಬೇಡಿ. ಗಾಳಿಯ ಭಾರ ಅದನ್ನು ಚಪ್ಪಟೆ ಒತ್ತಿ ಹಿಡಿಯುತ್ತದೆ, ನೀವು ಮಟ್ಟ ಮಾಡುತ್ತೀರಿ, ಬಿಟ್ಟ ಕೂಡಲೇ ಹಲಗೆ ತನ್ನ ಹಳೆಯ ಡೊಂಕಿಗೇ ಮರಳುತ್ತದೆ.

ಮುಗಿದ ಮೇಲೆ ಪಂಪ್ ನಿಲ್ಲಿಸಿ ಬಾಲ್ ವಾಲ್ವ್ ತೆರೆಯಿರಿ. ಗಾಳಿ ಒಳಹೋಗಿ ಮುಳ್ಳು ಸೊನ್ನೆಗೆ ಬಂದ ಮೇಲಷ್ಟೇ ಹಲಗೆ ಎತ್ತಿ. ಅದಕ್ಕೂ ಮುಂಚೆ ಉಳಿಯಿಂದ ಮೀಟಿದರೆ ಟೇಪ್ ಹರಿಯುತ್ತದೆ, ಹಲಗೆಯ ಅಂಚೂ ಸಿಡಿಯುತ್ತದೆ. ರಾತ್ರಿಯಿಡೀ ಹಲಗೆಯನ್ನು ಪೀಠದ ಮೇಲೆ ಒತ್ತಿಟ್ಟು ಹೋಗಬೇಡಿ, ಟೇಪ್ ಚಪ್ಪಟೆಯಾಗಿ ಮರುದಿನ ಮೇಲೇಳುವುದಿಲ್ಲ.