ಫಲಕಕ್ಕಿಂತ ಮೊದಲು ತಂತಿ ನೋಡಿ: ಕ್ಯಾಂಪರ್ ವ್ಯಾನಿನ ಸೌರವಿದ್ಯುತ್ತು

ಮೊದಲ ವರ್ಷ ನಮ್ಮ ವ್ಯಾನಿನ ಫ್ರಿಜ್ ನಡುರಾತ್ರಿ ಪದೇ ಪದೇ ನಿಂತುಹೋಗುತ್ತಿತ್ತು. ಒಳಗೆ ಅಮ್ಮನ ಇನ್ಸುಲಿನ್ ಇರುತ್ತಿದ್ದುದರಿಂದ ನನಗೆ ಕಣ್ಣು ಮುಚ್ಚಲಾಗುತ್ತಿರಲಿಲ್ಲ. ಬಿಸಿಲು ಸಾಲುತ್ತಿಲ್ಲವೆಂದುಕೊಂಡು ಇನ್ನೊಂದು ಫಲಕ ಕೂರಿಸಿದೆ. ಆದರೂ ಫ್ರಿಜ್ ನಿಂತಿತು. ಕೊನೆಗೊಂದು ರಾತ್ರಿ ಟಾರ್ಚು, ಮಲ್ಟಿಮೀಟರ್ ಹಿಡಿದು ಕುಳಿತೆ. ಕಂಪ್ರೆಸರ್ ಓಡುತ್ತಿರುವಾಗ ಬ್ಯಾಟರಿಯ ಬಳಿ 12.2 ವೋಲ್ಟ್, ಫ್ರಿಜ್ಜಿನ ಪ್ಲಗ್ಗಿನಲ್ಲಿ 11.4. ನಡುವಿನದ್ದನ್ನು ತಂತಿ ನುಂಗಿತ್ತು! ಬ್ಯಾಟರಿ ಬರಿದಾಯಿತೆಂದು ತಿಳಿದು ಫ್ರಿಜ್ ತನ್ನನ್ನು ತಾನೇ ಆರಿಸಿಕೊಳ್ಳುತ್ತಿತ್ತು.

12 ವೋಲ್ಟ್ ವ್ಯವಸ್ಥೆಯಲ್ಲಿ ಅಷ್ಟೇ ವ್ಯಾಟಿಗೆ ಮನೆಯ ವಿದ್ಯುತ್ತಿಗಿಂತ ಹೆಚ್ಚು ಆಂಪಿಯರ್ ಹರಿಯಬೇಕು. ಹಾಗಾಗಿ ಸಣ್ಣ ತಂತಿ ಬಹಳ ನಷ್ಟ ಮಾಡುತ್ತದೆ. ನಮ್ಮ ಫ್ರಿಜ್ಜಿಗೆ ಹೋಗಿದ್ದು 1.5 ಚದರ ಮಿಲಿಮೀಟರಿನ ತಂತಿ. ದೂರ 6 ಮೀಟರ್ ಎಂದರೆ ಹೋಗಿ ಬರಲು 12 ಮೀಟರ್, ಇದನ್ನು ಮರೆಯಬೇಡಿ. 5 ಆಂಪಿಯರ್ ಹರಿದಾಗ ಅಲ್ಲೇ ಸುಮಾರು 0.7 ವೋಲ್ಟ್ ಕಳೆಯುತ್ತದೆ. ಉಳಿದದ್ದು ಒಂದು ಸಡಿಲ ತಿರುಪಿನ ಪಾಲು. 6 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದು, ಅದರ ತುದಿಗೆ ಹಾಕುವ ಲೋಹದ ಲಗ್‌ಗಳನ್ನು ಸರಿಯಾಗಿ ಒತ್ತಿದ ಮೇಲೆ ವ್ಯತ್ಯಾಸ 0.2ಕ್ಕೆ ಇಳಿಯಿತು. ಅಂದಿನಿಂದ ಫ್ರಿಜ್ ನಿಂತಿಲ್ಲ.

ಹೊಸದಾಗಿ ಶುರು ಮಾಡುವವರು ಕೊಳ್ಳುವ ಮೊದಲು ಕಾಗದದ ಮೇಲೆ ದಿನದ ಖರ್ಚು ಬರೆಯಿರಿ. ನಮ್ಮದು ಹೀಗಿದೆ: 45 ವ್ಯಾಟಿನ ಫ್ರಿಜ್ ದಿನಕ್ಕೆ ಒಟ್ಟು 10 ಗಂಟೆ ಓಡಿದರೆ 450 ವ್ಯಾಟ್-ಗಂಟೆ, ಫ್ಯಾನಿಗೆ 160, ದೀಪಗಳಿಗೆ 50, ಮೊಬೈಲು ಮತ್ತು ಲ್ಯಾಪ್‌ಟಾಪಿಗೆ 100, ನೀರಿನ ಪಂಪಿಗೆ 10. ಒಟ್ಟು 770. ಒಳ್ಳೆಯ ಬಿಸಿಲು ದಿನಕ್ಕೆ ನಾಲ್ಕು ಗಂಟೆಯಷ್ಟೇ ಎಂದು ಹಿಡಿದು, ಶೇಕಡಾ 30 ನಷ್ಟ ಕಳೆದರೆ 275 ವ್ಯಾಟಿನ ಫಲಕ ಬೇಕು. ನಾವು ಹಾಕಿರುವುದು 300. ಎರಡು ದಿನ ಮೋಡ ಕವಿದರೂ ನಡೆಯಬೇಕೆಂದರೆ ಸುಮಾರು 150 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸಾಕು. ಲೆಡ್-ಆಸಿಡ್‌ನಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಸಬಾರದಾದ್ದರಿಂದ ಸುಮಾರು 260 ಬೇಕಾಗುತ್ತದೆ.

ಚಾವಣಿಯ ಮೇಲೆ ಫಲಕವನ್ನು ತಗಡಿಗೆ ಅಂಟಿಸದೆ, ಕೆಳಗೆ ಗಾಳಿ ಆಡುವಂತೆ ಎತ್ತರಿಸಿ ಕೂರಿಸಿ. 25 ಡಿಗ್ರಿಗಿಂತ ಹೆಚ್ಚಾಗುವ ಪ್ರತಿ ಡಿಗ್ರಿಗೂ ಫಲಕದ ಶಕ್ತಿ ಶೇಕಡಾ 0.3ರಿಂದ 0.4ರಷ್ಟು ಇಳಿಯುತ್ತದೆ, ನೆತ್ತಿಯ ಬಿಸಿಲಲ್ಲಿ ಫಲಕ 65 ಡಿಗ್ರಿ ಮುಟ್ಟುವುದು ಅಪರೂಪವೇನಲ್ಲ. ಗಾಳಿಗಿಂಡಿಯ ನೆರಳು ಒಂದರ ಮೇಲೆ ಬೀಳುವಂತಿದ್ದರೆ ಫಲಕಗಳನ್ನು ಸಮಾಂತರವಾಗಿ (ಧನ ತುದಿಗೆ ಧನ, ಋಣ ತುದಿಗೆ ಋಣ) ಜೋಡಿಸಿ, ಆಗ ಒಂದರ ನೆರಳು ಇನ್ನೊಂದನ್ನು ಕೆಳಗೆಳೆಯುವುದಿಲ್ಲ. ತಂತಿ ಒಳಗಿಳಿಯುವ ತೂತಿಗೆ ರಬ್ಬರ್ ಬಳೆ ಹಾಕಿ, ಸುತ್ತ ಸೀಲಂಟ್ ತುಂಬಿ.

ಜೋಡಣೆಯ ಕ್ರಮ ಮುಖ್ಯ. ಫಲಕದಿಂದ ಬ್ಯಾಟರಿಗೆ ಹೋಗುವ ವಿದ್ಯುತ್ತನ್ನು ಹತೋಟಿಯಲ್ಲಿಡುವ ಚಾರ್ಜ್ ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಫಲಕ. ಬಿಚ್ಚುವಾಗ ಮೊದಲು ಫಲಕ. ಕೆಲಸ ಮುಗಿಯುವವರೆಗೆ ಫಲಕಕ್ಕೆ ದಪ್ಪ ಕಂಬಳಿ ಹೊದಿಸಿರಿ. ಬ್ಯಾಟರಿಯ ಧನ ತುದಿಯಿಂದ ಹೊರಡುವ ಪ್ರತಿ ತಂತಿಗೂ ಗೇಣುದ್ದದೊಳಗೆ ಫ್ಯೂಸ್ ಇರಲೇಬೇಕು. ಫ್ಯೂಸ್ ಕಾಯುವುದು ತಂತಿಯನ್ನು, ಉಪಕರಣವನ್ನಲ್ಲ. ಆದ್ದರಿಂದ ತಂತಿ ತಡೆಯುವಷ್ಟನ್ನೇ ಹಾಕಿ. ಮಲಗುವ ಹಾಸಿಗೆಯ ಕೆಳಗೆ ಬ್ಯಾಟರಿ ಇಟ್ಟುಕೊಂಡು ಇದರಲ್ಲಿ ಉಳಿತಾಯ ಮಾಡುವವರನ್ನು ಕಂಡರೆ ನನಗೆ ಭಯವಾಗುತ್ತದೆ.

ನಿರ್ವಹಣೆಗೆ ಹೆಚ್ಚು ಹೊತ್ತು ಬೇಡ. ಫಲಕವನ್ನು ಬೆಳಗಿನ ತಂಪಿನಲ್ಲಿ ನೀರು ಮತ್ತು ಮೆತ್ತನೆಯ ಬಟ್ಟೆಯಿಂದ ಒರೆಸಿ. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬೇಡಿ. ವಾಹನದ ಕುಲುಕಾಟಕ್ಕೆ ತಿರುಪುಗಳು ಸಡಿಲವಾಗುತ್ತವೆ, ಹಾಗಾಗಿ ಹೊಸ ಜೋಡಣೆಯ ಮೊದಲ ಪ್ರಯಾಣ ಮುಗಿದೊಡನೆ ಎಲ್ಲವನ್ನೂ ಬಿಗಿಗೊಳಿಸಿ. ಫ್ರಿಜ್ ಓಡುತ್ತಿರುವಾಗ ಒಮ್ಮೆ ಲಗ್‌ಗಳನ್ನು ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಆ ಜೋಡಣೆ ಕೆಟ್ಟಿದೆ. ಲಿಥಿಯಂ ಬ್ಯಾಟರಿಯ ವೋಲ್ಟೇಜ್ ಬಹುಪಾಲು ಸಮನಾಗಿಯೇ ಇರುವುದರಿಂದ ಎಷ್ಟು ಉಳಿದಿದೆಯೆಂದು ತಿಳಿಯಲು ಶಂಟ್ (ಹರಿಯುವ ಆಂಪಿಯರ್ ಅಳೆಯುವ ಭಾಗ) ಇರುವ ಮಾನಿಟರ್ ಬೇಕು. ಉಷ್ಣತೆ ಸೊನ್ನೆ ಡಿಗ್ರಿಗಿಂತ ಕೆಳಗಿದ್ದಾಗ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬೇಡಿ. ತಿಂಗಳುಗಟ್ಟಲೆ ವ್ಯಾನ್ ನಿಲ್ಲಿಸುವುದಾದರೆ ಲಿಥಿಯಂ ಅನ್ನು ಅರ್ಧ ಚಾರ್ಜಿನಲ್ಲಿ, ಲೆಡ್-ಆಸಿಡ್ ಅನ್ನು ಪೂರ್ತಿ ತುಂಬಿಸಿ ಬಿಡಿ.