ಬಿಚ್ಚಿ ಜೋಡಿಸುವ ಏಣಿ: ಗುಟ್ಟೆಲ್ಲ 15 ಸೆಂಟಿಮೀಟರಿನಲ್ಲಿ

ಮೇ ತಿಂಗಳು ಬಂತೆಂದರೆ ನಮ್ಮ ಉಡುಪಿ ಕಡೆ ಏಣಿಗೆ ಪುರುಸೊತ್ತಿಲ್ಲ. ಮಾಡಿನ ತರಗೆಲೆ ಗುಡಿಸಬೇಕು, ಒಡೆದ ಹಂಚು ಬದಲಿಸಬೇಕು, ದಂಬೆಯ (ಮಾಡಿನ ನೀರು ಹರಿದುಹೋಗುವ ಕೊಳವೆ) ಕಸ ತೆಗೆಯಬೇಕು, ಅಟ್ಟಕ್ಕೆ ಸೌದೆ ಏರಿಸಬೇಕು. ಒಂದೊಂದು ಕೆಲಸಕ್ಕೂ ಒಂದೊಂದು ಉದ್ದ. ನಮ್ಮಲ್ಲಿ ಬಿದಿರಿನದೊಂದು, ಮರದ್ದೊಂದು, ಎ ಆಕಾರದ್ದೊಂದು ಇತ್ತು. ಮೂರೂ ಸೇರಿ ಕೊಟ್ಟಿಗೆಯ ಗೋಡೆಯನ್ನೇ ನುಂಗಿದ್ದವು. ತುಂಡು ತುಂಡಾಗಿ ಮಾಡಿ, ಬೇಕಾದ ಹಾಗೆ ಜೋಡಿಸಿಕೊಂಡರೆ ಆಯಿತಲ್ವಾ ಅಂತ ಹೊರಟೆ.

ಮೊದಲ ಸಲ ಕೆಟ್ಟಿತು. ನಕ್ಷೆ ನನ್ನದೇ, ತಪ್ಪೂ ನನ್ನದೇ. ಮೆಟ್ಟಿಲುಗಳ ನಡುವೆ 30 ಸೆಂ.ಮೀ. ಬಿಟ್ಟಿದ್ದೆ, ಆದರೆ ಪ್ರತಿ ತುಂಡಿನ ತುದಿಯಲ್ಲಿ 20 ಸೆಂ.ಮೀ. ಖಾಲಿ. ಎರಡು ತುಂಡು ಸೇರಿದ ಕಡೆ ಅಂತರ 40 ಆಯಿತು. ಹತ್ತುವಾಗ ಗೊತ್ತೇ ಆಗಲಿಲ್ಲ. ಇಳಿಯುವಾಗ ಕಣ್ಣಿಗೆ ಏನೂ ಕಾಣುವುದಿಲ್ಲ, ಪಾದವೇ ಲೆಕ್ಕ ಇಡುವುದು. ನನ್ನ ಪಾದ 30ಕ್ಕೆ ಮೆಟ್ಟಿಲು ಹುಡುಕಿತು, ಸಿಗಲಿಲ್ಲ. ಎರಡೂ ಕೈಯಲ್ಲಿ ಏಣಿ ತಬ್ಬಿಕೊಂಡು ನೇತಾಡಿದೆ. ವೆಲ್ಡರ್ ಅಣ್ಣನಿಗೆ ತೋರಿಸಿದರೆ, "ಎಂತ ಮಾರಾಯ್ರೆ, ಇದು ಏಣಿಯಾ ಒಗಟಾ?" ಅಂದರು.

ಹಾಗಾಗಿ ಮೊದಲ ಹೆಜ್ಜೆ ಅಳತೆ. ಮೆಟ್ಟಿಲಿನಿಂದ ಮೆಟ್ಟಿಲಿಗೆ 30 ಸೆಂ.ಮೀ., ತುಂಡಿನ ಎರಡೂ ತುದಿಯಲ್ಲಿ ಅದರ ಅರ್ಧ, ಅಂದರೆ 15. ಆಗ ಯಾವ ತುಂಡಿಗೆ ಯಾವುದನ್ನು ಸೇರಿಸಿದರೂ, ತಲೆಕೆಳಗೆ ಹಿಡಿದರೂ, ಸಂದಿನಲ್ಲಿ 15 ಮತ್ತು 15 ಸೇರಿ ಮತ್ತೆ 30. ಬಿದಿರಿನ ಏಣಿಯ ಹಾಗೆ ಮೇಲೆ ಹೋದಂತೆ ಕಿರಿದಾಗುವುದು ಇಲ್ಲಿ ನಡೆಯುವುದಿಲ್ಲ. ಎಲ್ಲ ತುಂಡಿನ ಅಗಲ ಒಂದೇ, 40 ಸೆಂ.ಮೀ. ಸಾಕು.

ಎರಡನೆಯದು ತುಂಡುಗಳ ಉದ್ದ. ಎಲ್ಲವೂ ಒಂದೇ ಉದ್ದ ಇರಲಿ ಅಂತ ಅನಿಸುವುದು ಸಹಜ. ಆದರೆ ಒರಗಿಸಿಟ್ಟ ಏಣಿ ಹೆಚ್ಚು ಬಾಗುವುದು ನಡುವಿನಲ್ಲಿ. ಸಮ ಉದ್ದದ ಎರಡು ತುಂಡು ಸೇರಿಸಿದರೆ ಸಂದು ಸರಿಯಾಗಿ ಅಲ್ಲಿಗೇ ಬರುತ್ತದೆ. ಅದಕ್ಕೆ ಆರು ಮೆಟ್ಟಿಲಿನ 180 ಸೆಂ.ಮೀ. ತುಂಡು ಎರಡು, ನಾಲ್ಕು ಮೆಟ್ಟಿಲಿನ 120 ಸೆಂ.ಮೀ. ತುಂಡು ಎರಡು ಮಾಡಿ. ಉದ್ದ ಏಣಿ ಬೇಕಾದಾಗ ಗಿಡ್ಡ, ಉದ್ದ, ಗಿಡ್ಡ ಎಂದು ಜೋಡಿಸಿ. ಒಟ್ಟು 420 ಸೆಂ.ಮೀ., ನಡುಭಾಗದಲ್ಲಿ ಸಂದೇ ಇಲ್ಲ. ಅಲ್ಯೂಮಿನಿಯಂ ಸೆಕ್ಷನ್ (ಆಯತಾಕಾರದ ಟೊಳ್ಳು ಪೈಪು) ಸಾಮಾನ್ಯವಾಗಿ 12 ಅಡಿಯದು ಸಿಗುತ್ತದೆ. ಒಂದರಲ್ಲಿ ಉದ್ದ ತುಂಡಿನ ಕಾಲು (ಮೆಟ್ಟಿಲು ಕೂರಿಸುವ ಪಕ್ಕದ ಕಂಬ) ಎರಡು, ಇಲ್ಲವೇ ಗಿಡ್ಡದ್ದು ಮೂರು ಬರುತ್ತವೆ, ಹಾಳಾಗುವುದು ಕಡಿಮೆ. ಕಾಲಿಗೆ 65 ಮಿ.ಮೀ. ಅಗಲ, 25 ಮಿ.ಮೀ. ದಪ್ಪ, 2 ಮಿ.ಮೀ. ಗೋಡೆಯ ಸೆಕ್ಷನ್ ತೆಗೆದುಕೊಳ್ಳಿ. ಕಬ್ಬಿಣದ ಪೈಪು ಬೇಡ. ಭಾರ ಒಂದು ಕಡೆ, ನಮ್ಮ ಉಪ್ಪುಗಾಳಿಗೆ ತುಕ್ಕು ಇನ್ನೊಂದು ಕಡೆ.

ಇನ್ನು ಜೋಡಣೆ. ನಿಜವಾದ ಕೆಲಸ ಇರುವುದು ಇಲ್ಲಿ. ಒಂದು ತುದಿ ಗಂಡು, ಇನ್ನೊಂದು ಹೆಣ್ಣು ಅಂತ ಮಾಡಿದರೆ ತುಂಡುಗಳನ್ನು ತಿರುಗಿಸಲು ಆಗುವುದಿಲ್ಲ. ಎಲ್ಲ ತುದಿಯೂ ಟೊಳ್ಳಾಗಿಯೇ ಇರಲಿ. ಒಳಗೆ ಬಿಗಿಯಾಗಿ ಜಾರುವ ಬೇರೆ ಒಳಪೈಪು ಮಾಡಿ, ಅದರ ಉದ್ದ 26 ಸೆಂ.ಮೀ. ಅರ್ಧ, ಅಂದರೆ 13 ಸೆಂ.ಮೀ., ಒಂದು ತುಂಡಿಗೆ; ಉಳಿದರ್ಧ ಇನ್ನೊಂದಕ್ಕೆ. 13 ಯಾಕೆ? ಕಾಲಿನ ಅಗಲದ ಎರಡು ಪಟ್ಟಾದರೂ ಒಳಗೆ ಹೋದರೆ ಅಲುಗಾಟ ಕಡಿಮೆ. ಅದಕ್ಕಿಂತ ಜಾಸ್ತಿ ಹೋಗಲು 15ರಲ್ಲಿರುವ ಮೆಟ್ಟಿಲು ಬಿಡುವುದೂ ಇಲ್ಲ.

ತುದಿಗಳನ್ನು ಮಟ್ಟಗೋಲು ಹಿಡಿದು ನೇರವಾಗಿ ಕತ್ತರಿಸಿ. ನಿಮ್ಮ ಭಾರ ಹೋಗಬೇಕಾದದ್ದು ಕಾಲಿನಿಂದ ಕಾಲಿಗೆ. ಕಾಲು, ಒಳಪೈಪು ಎರಡನ್ನೂ ಸೇರಿಸಿ ಅಡ್ಡಕ್ಕೆ ತೂರಿಸುವ ಪಿನ್ನಿನ ಕೆಲಸ ಕಳಚದಂತೆ ಹಿಡಿಯುವುದು ಮಾತ್ರ. ಪಿನ್ನಿನ ತೂತು ತುದಿಯಿಂದ 6.5 ಸೆಂ.ಮೀ. ದೂರ, ಅಗಲದ ನಟ್ಟನಡುವೆ ಇರಲಿ, ಅಲ್ಲಿ ತೂತು ಕೊರೆದರೆ ಬಲ ಕುಗ್ಗುವುದು ಕಡಿಮೆ. ಒಂದೊಂದಕ್ಕೂ ಟೇಪು ಹಿಡಿದು ಗುರುತು ಹಾಕಬೇಡಿ. ಸುಮ್ನೆ ಒಂದು ಕಬ್ಬಿಣದ ಆಂಗಲ್ ತುಂಡಿಗೆ ತೂತು ಕೊರೆದು, ಅದನ್ನೇ ಅಚ್ಚಿನಂತೆ ಪ್ರತಿ ತುದಿಗೂ ಕೂರಿಸಿ ಕೊರೆಯಿರಿ. ತೂತು ಒಂದು ಮಿ.ಮೀ. ಆಚೀಚೆಯಾದರೂ ಪಿನ್ನು ಹೋಗುವುದಿಲ್ಲ. ಪಿನ್ನು ಸ್ಟೇನ್‌ಲೆಸ್ ಸ್ಟೀಲಿನದಾಗಲಿ, ದಾರ ಕಟ್ಟಿ ಕಾಲಿಗೇ ನೇತುಹಾಕಿ. ಇಲ್ಲದಿದ್ದರೆ ಹುಲ್ಲಿನಲ್ಲಿ ಹುಡುಕುವ ಕೆಲಸವೇ ಒಂದು.

ಈಗ ತಮಾಷೆ ನೋಡಿ. ಇದೇ ಒಳಪೈಪಿನ ಎರಡು ತುಂಡಿನ ನಡುವೆ ಲಾಕ್ ಇರುವ ಹಿಂಜ್ ಕೂರಿಸಿದರೆ ಎ ಆಕಾರದ ಏಣಿ. ಉದ್ದದ್ದೆರಡು ಒಂದು ಎ, ಗಿಡ್ಡದ್ದೆರಡು ಇನ್ನೊಂದು ಎ. ಎಲ್ಲದರ ಮೊದಲ ಮೆಟ್ಟಿಲೂ 15ರಲ್ಲೇ ಇರುವುದರಿಂದ, ಒಂದೇ ಕೋನದಲ್ಲಿ ನಿಲ್ಲಿಸಿದರೆ ಎರಡರ ಮೂರನೇ ಮೆಟ್ಟಿಲೂ ಒಂದೇ ಎತ್ತರ. ಗಟ್ಟಿ ಹಲಗೆ ಇಟ್ಟು ಕಟ್ಟಿದರೆ ಸುಣ್ಣ ಬಳಿಯಲು ಅಟ್ಟಣಿಗೆ. ಒಂದು ಕಡೆ ಉದ್ದ, ಇನ್ನೊಂದು ಕಡೆ ಗಿಡ್ಡ ಹಾಕಿದರೆ ಮನೆಯ ಮೆಟ್ಟಿಲ ಮೇಲೂ ನಿಲ್ಲುತ್ತದೆ, ಸುಮಾರು ಮೂರು ಮೆಟ್ಟಿಲ ವ್ಯತ್ಯಾಸ ಸರಿದೂಗುತ್ತದೆ.

ನನಗೆ ಜಾಸ್ತಿ ಉಪಯೋಗ ಬಿದ್ದದ್ದು ಕೊಕ್ಕೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಈ ಊರಿನ ಮಾಡೆಲ್ಲ ಕೆಂಪಾಯಿತು. ಆದರೆ ಹಂಚು ಮಳೆ ತಡೆಯಲು ಮಾಡಿದ್ದು, ಮೆಟ್ಟಲು ಅಲ್ಲ. ಒಳಪೈಪಿಗೆ ಬಾಗಿದ ಗಟ್ಟಿ ಕೊಕ್ಕೆ ಸೇರಿಸಿ, ಏಣಿಯನ್ನು ಮಾಡಿನ ನೆತ್ತಿಗೆ ಸಿಕ್ಕಿಸಿ ಇಳಿಜಾರಿನಲ್ಲಿ ಮಲಗಿಸಿ. ಅಡಿಗೆ ಹಳೇ ಗೋಣಿ ಹಾಸಿ. ಭಾರ ಒಂದೇ ಹಂಚಿನ ಮೇಲೆ ಬೀಳದೆ ಹಲವು ರೀಪುಗಳಿಗೆ ಹಂಚಿಹೋಗುತ್ತದೆ. ನೆತ್ತಿಯ ಮರ ಗೆದ್ದಲು ತಿಂದಿಲ್ಲ ಅಂತ ಒಳಗಿನಿಂದ ನೋಡಿಯೇ ಹತ್ತಿ.

ಹತ್ತುವ ಮೊದಲು ಪರೀಕ್ಷೆ. 420ರ ಏಣಿಯನ್ನು ಎರಡು ಸ್ಟೂಲಿನ ಮೇಲೆ ಅಡ್ಡ ಮಲಗಿಸಿ, ನಡುವಿನಲ್ಲಿ 50 ಕಿಲೋದ ಕುಚ್ಚಲಕ್ಕಿ ಮೂಟೆ ಇಡಿ. 75 ಡಿಗ್ರಿಗೆ ಒರಗಿಸಿದಾಗ 100 ಕಿಲೋ ಭಾರದಲ್ಲಿ ಏಣಿಯನ್ನು ಬಗ್ಗಿಸುವುದು ಸುಮಾರು 26 ಕಿಲೋ ಮಾತ್ರ. ಹಾಗಾಗಿ ಈ ಮೂಟೆ ಹೆಚ್ಚುಕಡಿಮೆ ಎರಡು ಪಟ್ಟು. ಮೂಟೆ ತೆಗೆದ ಮೇಲೆ ಏಣಿ ಪೂರ್ತಿ ನೇರವಾಗದಿದ್ದರೆ ಅದನ್ನು ಹತ್ತಲೇಬೇಡಿ. ಮಲಗಿಸಿದ ಏಣಿಯ ಮೇಲೆ ಸೇತುವೆಯಂತೆ ನಡೆಯುವ ಆಸೆಯೂ ಬೇಡ.

ಒರಗಿಸುವಾಗ ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಬುಡ ಹೊರಗಿರಲಿ. ಮಾಡಿನ ಅಂಚಿಗಿಂತ ಮೂರು ಅಡಿ ಮೇಲೆ ಚಾಚಿರಲಿ. ಬುಡಕ್ಕೆ ಹಳೇ ಟಯರಿನ ರಬ್ಬರು, ಪಾಚಿ ಹಿಡಿದ ಅಂಗಳದಲ್ಲಿ ಅದೂ ಸಾಲದು, ಕೆಳಗೆ ಒಬ್ಬರು ಹಿಡಿಯಲೇಬೇಕು. ಕರೆಂಟಿನ ವಯರಿನಿಂದ ಕನಿಷ್ಠ 10 ಅಡಿ ದೂರ ಇರಿ. ಅಡಿಕೆ ತೋಟದವರಿಗೆ ಅಲ್ಯೂಮಿನಿಯಂ ದೋಟಿ (ಕೊಯ್ಲಿನ ಉದ್ದ ಕೋಲು) ವಯರಿಗೆ ತಾಗಿದ ಕಥೆ ಹೇಳಬೇಕಾಗಿಲ್ಲ. ವಯರು ಹತ್ತಿರವಿದ್ದರೆ ಮೆಸ್ಕಾಂನವರಿಗೆ ಹೇಳಿ ಲೈನ್ ಆಫ್ ಮಾಡಿಸಿ.

ಮಳೆಗಾಲಕ್ಕೆ ಒಳಪೈಪುಗಳನ್ನೆಲ್ಲ ಎಳೆದು, ಒರೆಸಿ, ಬೇರೆ ಇಡಿ. ಕಳೆದ ವರ್ಷ ನಾನು ಮರೆತೆ. ನವರಾತ್ರಿಗೆ ಅಟ್ಟ ಗುಡಿಸಲು ಹೊರಟರೆ ಎರಡು ತುಂಡು ಹಾಗೇ ಕಚ್ಚಿಕೊಂಡಿದ್ದವು. ಬಿಡಿಸಲು ಅರ್ಧ ಬಾಟಲಿ ತೆಂಗಿನೆಣ್ಣೆ, ಮರದ ಸುತ್ತಿಗೆ ಮತ್ತು ಪಕ್ಕದ ಮನೆಯ ಭಾವ ಬೇಕಾಯಿತು.